ಚಿಕ್ಕವ್ವನ ಹೆಸರಿನ ಪಟ್ಟಿ

ರೇಷ್ಮೆ ಹುಳ ಸಾಕುವ ಮನೆ ಅಂದರೆ ಬಾಣಂತಿ ಮನೆಯ ಹಾಗೆ. ಗಾಳಿ ಆಡಬೇಕು, ಬೀಸಬಾರದು. ಬಿಸಿಲು ನೇರ ಬೀಳಬಾರದು. ಹೊರಗಿನವರು ಕಾಲು ತೊಳೆಯದೆ ಒಳಗೆ ಬರಬಾರದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಅತ್ತ ಸುಳಿಯಬಾರದು. ಮಾಗಿ ಚಳಿಯಲ್ಲಿ ಮೂಲೆಗೊಂದು ಕೆಂಡದ ಕುಂಡ. ಮುಟ್ಟಾದ ಹೆಂಗಸರು ಆ ಬಾಗಿಲ ಕಡೆ ಮುಖ ಕೂಡ ಮಾಡಬಾರದು ಅಂತ ನಮ್ಮಜ್ಜಿಯ ಕಟ್ಟಪ್ಪಣೆ. ಕೊಳ್ಳೇಗಾಲ ತಾಲ್ಲೂಕು ಕುಂತೂರಿನ ನಮ್ಮ ಮನೆಯಲ್ಲಿ ಅಂಥದೊಂದು ಕೋಣೆ ಇತ್ತು. ಹೆಸರಿಗೆ ಅದು ಚಿಕ್ಕಪ್ಪನ ಬೆಳೆ. ಅದರೊಳಗೆ ಹಗಲೂ ರಾತ್ರಿ ಬಗ್ಗಿ ಎದ್ದವಳು ಚಿಕ್ಕವ್ವ.

ಈಗ ಕುಂತೂರು ಅಂದರೆ ಜನಕ್ಕೆ ಸಕ್ಕರೆ ಕಾರ್ಖಾನೆ ಜ್ಞಾಪಕಕ್ಕೆ ಬರುತ್ತೆ. ಹಿರಿಯರಿಗಾದರೆ ಮಠ. ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಸುತ್ತೂರು ಮಠದ ಜೊತೆಗೆ ಕುಂತೂರು ಮಠದ ಹೆಸರನ್ನೂ ಎತ್ತುತ್ತಾರೆ. ನನಗೆ ಮಾತ್ರ ಮೊದಲು ಮೂಗಿಗೆ ಬಡಿಯೋದು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಹುಳ ನಾಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಬಕಾಸುರನ ಹಸಿವು ಅವಕ್ಕೆ. ರಾತ್ರಿ ಹಜಾರದಲ್ಲಿ ಮಲಗಿದರೆ ಎಲೆ ಕೊಯ್ದು ತಿನ್ನೋ ಸದ್ದು ಗೋಡೆ ದಾಟಿ ಕೇಳುತ್ತಿತ್ತು. ಜ್ವರ ಅಂದರೆ ಕಾಯಿಲೆ ಅಂದುಕೊಳ್ಳಬೇಡಿ. ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಕು ಜ್ವರ ದಾಟಿದ ಹುಳ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಬೇಕು. ಮೊಟ್ಟೆ ಒಡೆದ ದಿನದಿಂದ ಹಿಡಿದರೆ ಹೆಚ್ಚುಕಮ್ಮಿ ಒಂದು ತಿಂಗಳ ಬದುಕು.

ಚಿಕ್ಕವ್ವ ಹನೂರು ಕಡೆಯವಳು. ಒಣ ಸೀಮೆ, ರಾಗಿ, ಹುರುಳಿ, ಹುಚ್ಚೆಳ್ಳು. ಹುಳವನ್ನ ಮೊದಲು ಕಂಡದ್ದೇ ಮದುವೆಯಾಗಿ ಬಂದ ಮೇಲೆ. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ಎರಡು ಬೆಳೆ ಆಗೋ ಹೊತ್ತಿಗೆ ಅಜ್ಜಿಯನ್ನೇ ಮೀರಿಸಿದಳು. ತಟ್ಟೆಯ ಮೇಲೆ ಒಂದು ಸಲ ಕಣ್ಣಾಡಿಸಿ, ಹಾಲುತೊಂಡೆ ಹತ್ತಿದ ಹುಳ ಯಾವುದು, ಸುಣ್ಣಕಟ್ಟು ಬರೋದು ಯಾವುದು, ಸಪ್ಪೆ ಬಿದ್ದದ್ದು ಯಾವುದು ಅಂತ ಹೆಕ್ಕಿ ತೆಗೆಯೋಳು. ಆ ಕೆಲಸ ಮಾಡೋವಾಗ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರೋಳು, ಮಾತಾಡಿಸಿದರೆ ಸಿಟ್ಟು. ಊಟದಲ್ಲೂ ಒಂದು ವರಸೆ ಇತ್ತು ಅವಳಿಗೆ. ಉಪ್ಸಾರಿನ ಖಾರವನ್ನ ತಾನೇ ಅರೀಬೇಕು, ಬೇರೆಯವರು ಅರೆದದ್ದು ಸೇರದು. ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸುಟ್ಟ ಮೆಣಸಿನಕಾಯಿ, ಹುಣಸೆ, ಅಷ್ಟೆ. ಬಿಸಿ ಮುದ್ದೆಯ ಪಕ್ಕ ಅದನ್ನ ಉಗುರಿನಷ್ಟು ಇಟ್ಟರೆ ಸಾಕು, ಅವರೆಕಾಳಿನ ಕಟ್ಟು ತನ್ನಷ್ಟಕ್ಕೆ ಗಂಟಲಲ್ಲಿ ಇಳಿಯೋದು.

ಅವಳ ಆಸೆ ಏನು ಅಂತ ನನಗೆ ಗೊತ್ತಾದದ್ದು ಒಂದು ಗೂಡಿನ ಬೆಳೆ ಮಾರಿ ಬಂದ ದಿನ. ಗೂಡನ್ನ ಸರ್ಕಾರದ ಮಾರ್ಕೆಟ್ಟಲ್ಲೇ ಹರಾಜಿಗೆ ಇಡಬೇಕು ಅಂತ ಕಾನೂನು. ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗೆ ಗಂಡಸರು ಮೂಟೆ ಹೊತ್ತು ಹೋಗೋರು, ಸಾಯಂಕಾಲ ಪಟ್ಟಿ ಹಿಡಿದು ಬರೋರು. ಪಟ್ಟಿ ಅಂದರೆ ಬಿಲ್ಲು: ಇಷ್ಟು ಕೆಜಿ, ಇಷ್ಟು ದರ, ಇಂಥವರ ಹೆಸರು. ದುಡ್ಡು ದಾರಿಯಲ್ಲಿ ಸ್ವಲ್ಪ ಸವೆದೇ ಮನೆಗೆ ತಲುಪೋದು, ಅದು ಎಲ್ಲ ಮನೆಯಲ್ಲೂ ಇದ್ದದ್ದೇ. ಚಿಕ್ಕಪ್ಪ ಕುಡಿಯೋ ಮನುಷ್ಯನಲ್ಲ. ಅವನ ಚಟ ರೇಡಿಯೊ. ಮೈಸೂರು ಆಕಾಶವಾಣಿ ಶುರುವಾದರೆ ಕಿವಿ ಅಲ್ಲೇ, ಸೆಲ್ಲು ಮುಗಿದರೆ ಊಟ ಸೇರದು. ಅವತ್ತು ಪಟ್ಟಿಯನ್ನ ಗೂಡೆಯ ಮೇಲೆ ಎಸೆದು ಕೈಕಾಲು ತೊಳೆಯೋಕೆ ಹೋದ. ಚಿಕ್ಕವ್ವ ಅದನ್ನ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಇದ್ರಲ್ಲಿ ನನ್ ಹೆಸ್ರು ಅದನ ನೋಡ್ಲಾ?"

ಇರಲಿಲ್ಲ. ಚಿಕ್ಕಪ್ಪನ ಹೆಸರಿತ್ತು, ತಾತನ ಹೆಸರಿತ್ತು. ತಾತ ತೀರಿಕೊಂಡು ಎಷ್ಟೋ ಕಾಲ ಆಗಿತ್ತು.

"ನಾನೊಂದು ಬೆಳ ನನ್ ಹೆಸ್ರಲ್ಲೇ ಸಾಕ್ಬೇಕು ಕನ. ಮಾರ್ಕೆಟ್ಗ ನಾನೇ ಹೋಗ್ಬೇಕು. ಹರಾಜ್ನ ನಾನೇ ನಿಂತ್ಕಂಡು ನೋಡ್ಬೇಕು."

ಅಷ್ಟೆ ಅವಳು ಹೇಳಿದ್ದು. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಆದರೆ ಅಡ್ಡಿ ಎಲ್ಲಿತ್ತು ಅಂತ ನೋಡಿ. ಮೊದಲನೇ ಮಗಳು ಹುಟ್ಟೋ ಮುಂಚೆ ಒಂದು ಬೆಳೆ ಕೈಬಿಟ್ಟಿತು, ಹುಟ್ಟಿದ ಮೇಲೆ ಇನ್ನೊಂದು. ಎರಡನೇ ಮಗಳ ಹೊತ್ತಿಗೆ ಹೆರಿಗೆಯಾಗಿ ಸೂತಕ, ಬಾಣಂತನ, ಕೂಸಿನ ಹಾಲು ಅಂತ ಹುಳದ ಮನೆಗೆ ಹೆಜ್ಜೆ ಇಡೋಕೆ ಆಗದೆ ವರ್ಷವೇ ಹತ್ತಿರ ಹತ್ತಿರ. ಆ ನಡುವೆ ಸಾಕಿದವರು ಅಜ್ಜಿ ಮತ್ತು ಚಿಕ್ಕಪ್ಪ. ಒಂದು ಬೆಳೆ ಪೂರ್ತಿ ಸಪ್ಪೆ ರೋಗಕ್ಕೆ ಹೋಗಿ ತಿಪ್ಪೆಗೆ ಸುರಿದದ್ದು ನನಗೆ ಚೆನ್ನಾಗಿ ನೆನಪಿದೆ. ಆ ವಾಸನೆ ಮರೆಯೋ ಅಂಥದಲ್ಲ. ಮೂರನೇದು ಅಂತ ಆದರೆ ಮತ್ತೆ ಇದೇ ಸುತ್ತು. ಅದೂ ಹೆಣ್ಣಾದರೆ ನಾಕನೇದು.

ಎರಡಕ್ಕೇ ಸಾಕು ಅಂತ ಅವಳು ಲೆಕ್ಕ ಹಾಕಿದ್ದು ಹೀಗೆ. ಬಡತನ, ದೇಶದ ಜನಸಂಖ್ಯೆ, 'ಚಿಕ್ಕ ಸಂಸಾರ ಚೊಕ್ಕ ಸಂಸಾರ' ಅಂತ ಗೋಡೆಯ ಮೇಲೆ ಕೆಂಪು ತ್ರಿಕೋನದ ಪಕ್ಕ ಬರೆದಿದ್ದ ಮಾತು, ಇದ್ಯಾವುದೂ ಅವಳ ಲೆಕ್ಕದಲ್ಲಿ ಇರಲಿಲ್ಲ. ಇನ್ನು ಎಷ್ಟು ಬೆಳೆ ತಾನು ಕೈಯಾರೆ ತೆಗೀಬಹುದು ಅನ್ನೋದು ಲೆಕ್ಕ.

ನರ್ಸಮ್ಮನ ವಿಷಯ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಕೇರಳದ ಕಡೆಯವರು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕಪ್ಪು ಛತ್ರಿ. ಬೆಲ್ಲದ ಕಾಫಿ ಕೊಟ್ಟರೆ ಕುಡಿಯೋರು, ಸಕ್ಕರೆ ಹಾಕಿದರೆ ಲೋಟ ಹಾಗೇ ಇಡೋರು. ಅವರ ಕನ್ನಡದಲ್ಲಿ ಎಲ್ಲರಿಗೂ ಬಹುವಚನ. ನಮ್ಮನೆ ಕರುವಿಗೂ 'ಬನ್ನಿ' ಅನ್ನೋರು. ಬಂದವರು ಮೊದಲು ಹುಳದ ಮನೆ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಗೂಡಿನ ರೇಟು ವಿಚಾರಿಸೋರು, ಆಮೇಲೆ ಸುದ್ದಿಗೆ ಬರೋರು. ಮುಚ್ಚುಮರೆ ಇಲ್ಲದ ಹೆಂಗಸು. ತಮಗೆ ಮಾರ್ಚಿಯೊಳಗೆ ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ ಇಷ್ಟು ಆಗಲೇಬೇಕು, ಇಲ್ಲದಿದ್ದರೆ ಮೇಲಿನವರು ಸಂಬಳ ಹಿಡೀತಾರೆ ಅಂತ ನೇರವಾಗೇ ಹೇಳೋರು. ಆ ಟಾರ್ಗೆಟ್ ಅನ್ನೋದು 1996ರವರೆಗೂ ನಡೀತು. ಆಮೇಲೆ ಸರ್ಕಾರ ಬೇಡ ಅಂತ ತೆಗೆದುಹಾಕಿತು.

ವಂಕಿ, ಅಂದರೆ ಬಸುರು ನಿಲ್ಲದ ಹಾಗೆ ಒಳಗೆ ಇಡೋ ಸಾಧನ, ಹಾಕಿಸಿಕೊಳ್ಳಬಹುದಿತ್ತು. ಮೊದಲನೇ ಹೆರಿಗೆ ಆದ ಮೇಲೆ ಹಾಕಿಸಿಕೊಂಡೂ ಇದ್ದಳಂತೆ. ಇದನ್ನ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ ಅವಳೇ. ಸೊಂಟ ಮುರಿಯೋ ನೋವು, ಮುಟ್ಟು ನಿಲ್ಲದು. ತೆಗೆಸಿಬಿಟ್ಟಳು. ಮಾತ್ರೆ ಇತ್ತು, ಆದರೆ ದಿನಾ ನುಂಗೋ ಮಾತ್ರೆಯನ್ನ ಹತ್ತು ಜನ ಇರೋ ಮನೆಯಲ್ಲಿ ಎಲ್ಲಿ ಬಚ್ಚಿಡೋದು? ಗಂಡನ ಪಾಲಿನ ದಾರಿಯೊಂದು ಇತ್ತು. ಅದರ ಸುದ್ದಿ ಎತ್ತಿದರೆ ಚಿಕ್ಕಪ್ಪ ರೇಡಿಯೊ ಸದ್ದು ಜಾಸ್ತಿ ಮಾಡೋನು.

ಅವನ ಭಯಕ್ಕೂ ಒಂದು ಕಥೆ ಇದೆ. ತುರ್ತುಪರಿಸ್ಥಿತಿ ಕಾಲದಲ್ಲಿ ಅವನಿನ್ನೂ ಮದುವೆಯಾಗದ ಹುಡುಗ. ಜೀಪಿನ ಸದ್ದು ಕೇಳಿ ಊರಿನ ಗಂಡಸರು ಹೊಲಕ್ಕೆ ಓಡಿದರಂತೆ. ಇವನಿಗೆ ಯಾಕೆ ಅಂತ ಗೊತ್ತಿಲ್ಲ, ಆದರೂ ಓಡಿ, ಕತ್ತಲಾಗೋವರೆಗೂ ಸೊಪ್ಪಿನ ತೋಟದಲ್ಲಿ ಉಸಿರು ಹಿಡಿದು ಕೂತಿದ್ದನಂತೆ. ಆ ಜೀಪು ನಿಜಕ್ಕೂ ಗಂಡಸರನ್ನ ಆಪರೇಷನ್ನಿಗೆ ಹಿಡಿಯೋಕೇ ಬಂದಿತ್ತೋ ಬೇರೆ ಕೆಲಸಕ್ಕೋ, ಯಾರೂ ನೋಡಲಿಲ್ಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಆಪರೇಷನ್ ಆದವು. ಅದರಲ್ಲಿ ಮುಕ್ಕಾಲು ಪಾಲು ಗಂಡಸರದು. ಆಮೇಲೆ ಸರ್ಕಾರ ಬಿತ್ತು, ಗಂಡಸರು ಹೆದರಿದವರು ಹೆದರಿದ ಹಾಗೇ ಉಳಿದರು, ಆ ಭಾರ ಪೂರ್ತಿ ಹೆಂಗಸರ ಹೊಟ್ಟೆಯ ಮೇಲೆ ಬಂತು. ನಮ್ಮನೆಯಲ್ಲೂ ಆದದ್ದು ಅದೇ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ, ಆಮೇಲೆ ಮರೆತುಹೋಗುತ್ತೆ. 1930ರಲ್ಲೇ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಗರ್ಭ ತಡೆಯೋ ವಿಚಾರಕ್ಕೆ ಅಂತ ಕ್ಲಿನಿಕ್ಕು ತೆರೆದಿತ್ತು. ಒಂದು ಸರ್ಕಾರವೇ ಇಂಥದನ್ನ ನಡೆಸಿದ್ದು ಲೋಕದಲ್ಲೇ ಅದು ಮೊದಲು ಅಂತಾರೆ. ಆದರೆ ಆಗ ನಾವು ಮೈಸೂರಿನವರಲ್ಲ. ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಎಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಅದು ಮೈಸೂರು. 1956ರವರೆಗೂ ಹೀಗೇ. ಅಜ್ಜಿಯ ತವರು ಎಳಂದೂರು ಕಡೆ. ಅವಳಿಗೆ ಹನ್ನೊಂದು ಹೆರಿಗೆ, ಉಳಿದವು ನಾಕು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಅಂಥದೊಂದು ಬಾಗಿಲು ತೆರೆದಿದೆ ಅನ್ನೋ ಸುದ್ದಿ ಅವಳ ತವರಿಗೂ ಬರಲಿಲ್ಲ, ಗಂಡನ ಮನೆಗೂ ಬರಲಿಲ್ಲ. ಹೋದ ಏಳು ಕೂಸಿನ ಹೆಸರನ್ನೂ ಅವಳು ವರಸೆಯಾಗಿ ಹೇಳೋಳು, ಎಲೆಅಡಿಕೆ ಚೀಲದ ದಾರ ಬೆರಳಿಗೆ ಸುತ್ತುತ್ತಾ. ಅಂಥವಳಿಗೆ 'ಎರಡು ಸಾಕು' ಅನ್ನೋ ಮಾತು ಹೇಗೆ ಕೇಳಿಸಿರಬೇಕು? ಉಳಿಯೋದು ಯಾವುದು ಅಂತ ಯಾರು ಕಂಡರು, ಇನ್ನೊಂದು ಇರಲಿ ಅನ್ನೋದು ಅವಳ ನ್ಯಾಯ. ಅದರ ಮೇಲೆ ಗಂಡಿಲ್ಲ.

ಆಪರೇಷನ್ ಮಾಡಿಸೋ ವಿಚಾರದ ಜಗಳ ಹಜಾರದಲ್ಲಿ ನಡೆದದ್ದು ಒಂದು ಸಂಜೆ. ನಾನು ಕಂಬಕ್ಕೆ ಒರಗಿ ಹುರುಳಿಕಾಳು ತಿಂತಾ ಕೂತಿದ್ದೆ, ಬಾಣಲೆಯಿಂದ ಆಗಷ್ಟೇ ಇಳಿಸಿದ್ದು. ಅಜ್ಜಿ ಸಂಕಮ್ಮನ ಕಥೆ ತೆಗೆದಳು. ನಮ್ಮ ಸೀಮೆಯಲ್ಲಿ ಮಾತು ಕಟ್ಟಬೇಕು ಅಂದರೆ ಮಾದಪ್ಪನ ಕಥೆಗೆ ಹೋಗೋದು ವಾಡಿಕೆ. ಸಂಕಮ್ಮನಿಗೆ ಮಕ್ಕಳಿಲ್ಲ. ಗಂಡ ನೀಲೇಗೌಡ ಕಾಡಿಗೆ ಹೊರಟವನು ಅವಳ ಮೇಲೆ ಅನುಮಾನಪಟ್ಟು, ಬಲಗೈ ಭಾಷೆ ಕೊಡು ಅಂತ ಹಟ ಹಿಡೀತಾನೆ. ಅವಳು ಕೊಡೋದಿಲ್ಲ. ಕಾಡಿನ ಗುಡಿಸಲಲ್ಲಿ ಅವಳನ್ನ ಕಟ್ಟಿಹಾಕಿ ಹೋಗ್ತಾನೆ. ಮಾದಪ್ಪ ಬಂದು ಬಿಡಿಸಿ, ಮಕ್ಕಳ ವರ ಕೊಡ್ತಾನೆ. ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ಅಜ್ಜಿ ಇದನ್ನೆಲ್ಲ ಹೇಳಿ,

"ಅಂಥ ಸಂಕಮ್ಮನೇ ಐಕಳಿಗ ಅಂತ ಅಷ್ಟು ಕಷ್ಟಪಟ್ಲು. ನೀನು ಕೊಡೋ ದೇವ್ರಿಗ ಬಾಗ್ಲು ಹಾಕ್ತೀನಿ ಅಂತೀಯಲ್ಲವ್ವ" ಅಂದಳು.

ಚಿಕ್ಕವ್ವ ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ.

"ಸಂಕಮ್ಮ ಬೇಕು ಅಂತ ಬೇಡ್ಕಂಡ್ಳು, ಕೊಟ್ಟ. ನಾನು ಸಾಕು ಅಂತ ಬೇಡ್ಕತೀನಿ. ಅದ್ನ ಯಾಕ ಕೊಡಲ್ಲ ಅವ್ನು?"

ಅಜ್ಜಿ ಎದ್ದು ಒಳಗೆ ಹೋದಳು. ಆಮೇಲೆ ಮಾತು ನಿಂತಿತು. ಎಷ್ಟು ದಿನ ಅಂತ ಹೇಳಲಾರೆ. ಮಕ್ಕಳ ಮೂಲಕ ಮಾತು ಕಳಿಸೋ ಪದ್ಧತಿ ಶುರುವಾಯಿತು ಅನ್ನೋದು ಮಾತ್ರ ನೆನಪು. 'ನಿಮ್ಮಜ್ಜಿಗ ಹೇಳು ಮುದ್ದ ಆಗದ', 'ನಿಮ್ಮವ್ವಂಗ ಹೇಳು ನಂಗ ಹಸಿವಿಲ್ಲ'.

ನರ್ಸಮ್ಮ ಕಾಗದ ತಂದರು. ಅದಕ್ಕೆ ಗಂಡನ ರುಜು ಬೇಕು ಅಂದರು. ಈಗಿನ ನಿಯಮದಲ್ಲಿ ಆಪರೇಷನ್ ಮಾಡಿಸಿಕೊಳ್ಳೋ ಹೆಂಗಸು ತನ್ನ ಒಪ್ಪಿಗೆಗೆ ತಾನೇ ಸಹಿ ಮಾಡಿದರೆ ಸಾಕು, ಗಂಡನದು ಬೇಕಿಲ್ಲ; ಅದು ಎಷ್ಟು ಊರಿಗೆ ಗೊತ್ತಿದೆಯೋ. ಆಗಂತೂ ಗಂಡನ ರುಜು ಇಲ್ಲದೆ ಕಾಗದ ಮುಂದೆ ಹೋಗುತ್ತಿರಲಿಲ್ಲ. ಚಿಕ್ಕಪ್ಪ ಆ ಕಾಗದ ಹಿಡಿದುಕೊಂಡು ಒಂದು ಸಂಜೆ ಪೂರ್ತಿ ಕೂತ. ಕೃಷಿರಂಗ ಮುಗೀತು, ವಾರ್ತೆ ಮುಗೀತು. ಚಿಕ್ಕವ್ವ ಬಂದು ಎದುರು ನಿಂತಳು. ಜೋರಾಗಿ ಏನೂ ಮಾತಾಡಲಿಲ್ಲ.

"ರುಜು ಮಾಡು. ಇಲ್ದಿದ್ರ ನೀನೇ ಹೋಗು."

ಅವನ ರುಜು ದೊಡ್ಡದು. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಬರೆದೇ ಮುಗಿಸೋನು. ಅವತ್ತು ಬರೀ ತನ್ನ ಹೆಸರಿನ ನಾಕಕ್ಷರ ಬರೆದ.

ಚಿಕ್ಕವ್ವ ದಿನವನ್ನ ಹುಳದ ಲೆಕ್ಕಕ್ಕೆ ಹೊಂದಿಸಿ ಇಟ್ಟಿದ್ದಳು. ಗೂಡು ಬಿಡಿಸಿ, ಮಾರಿ, ಮನೆ ತೊಳೆದು ಸುಣ್ಣ ಬಳಿದು, ಮುಂದಿನ ಮೊಟ್ಟೆ ತರೋ ಮುಂಚಿನ ಬಿಡುವಲ್ಲಿ ಆಪರೇಷನ್ ಕ್ಯಾಂಪು. ಆದರೆ ಆ ಕ್ಯಾಂಪು ಮುಂದಕ್ಕೆ ಹೋಯಿತು. ಡಾಕ್ಟರು ಬರಲಿಲ್ಲ ಅಂದರು. ಎರಡನೇ ಸಲವೂ ಏನೋ ಒಂದು. ಕೊನೆಗೆ ಬಂದ ದಿನ ಎಂಥದು ಅಂದರೆ, ಹುಳ ನಾಕನೇ ಜ್ವರ ಎದ್ದು ಎರಡು ದಿನ, ಕಾರ್ತೀಕದ ಮಳೆ ಹಿಡಿದು ಬಿಡ್ತಾ ಇಲ್ಲ. ಒದ್ದೆ ಸೊಪ್ಪು ಹಾಕಿದರೆ ಹುಳ ಸಪ್ಪೆ ಬೀಳುತ್ತೆ. ಎಲೆ ಎಲೆಯನ್ನೂ ಹಳೇ ಸೀರೆ ಬಟ್ಟೆಯಲ್ಲಿ ಒರೆಸಿ, ಹಜಾರದಲ್ಲಿ ಹರಡಿ, ನೀರು ಆರಿಸಿ ಹಾಕಬೇಕು. ಅದಕ್ಕೆ ಎರಡು ಆಳಿನ ಕೆಲಸ. ಈ ಸಲ ಬಿಟ್ಟರೆ ಇನ್ನು ಯಾವಾಗಲೋ. ಅಷ್ಟರಲ್ಲಿ ಬಸುರು ನಿಂತರೆ?

ಅವಳು ಹೊರಟಳು. ಸಣ್ಣ ಮಗಳು ಇನ್ನೂ ಹಾಲು ಬಿಟ್ಟಿರಲಿಲ್ಲ, ಅವಳನ್ನ ಎತ್ತಿಕೊಳ್ಳೋಕೆ ಅಂತ ನನ್ನನ್ನ ಜೊತೆಗೆ ಕಳಿಸಿದರು. ಹೊಸಿಲು ದಾಟೋವಾಗ ಚಿಕ್ಕವ್ವ ಅಜ್ಜಿಯ ಕಡೆ ನೋಡಿದಳು, ಹುಳದ ಮನೆ ಕಡೆ ನೋಡಿದಳು. ಕೇಳೋ ಬಾಯಿಲ್ಲ. ಅಜ್ಜಿ ಆಗಲೇ ಕುಕ್ಕೆ ಎತ್ತಿಕೊಂಡು ಗೋಣಿಚೀಲದ ಕೊಪ್ಪೆ ತಲೆಗೆ ಏರಿಸುತ್ತಿದ್ದಳು.

"ಹುಳಕ್ಕ ಯಾನ ಗೊತ್ತು ನಮ್ ಜಗಳ" ಅಂದಳು. ಯಾರಿಗೆ ಅಂದಳೋ, ಮುಖ ತೋಟದ ಕಡೆಗಿತ್ತು.

ಕ್ಯಾಂಪಿನ ದಿನ ನನಗೆ ತುಂಡುತುಂಡಾಗಿ ಮಾತ್ರ ಕಣ್ಣಿಗೆ ಬರುತ್ತೆ. ಉದ್ದದ ಒಂದು ಹಾಲು. ಹೊರಗೆ ಹೆಂಗಸರ ಸಾಲು, ಹಲವರ ಕಂಕುಳಲ್ಲಿ ಕೂಸು, ಎಲ್ಲರದೂ ಖಾಲಿ ಹೊಟ್ಟೆ. ಸೀರೆ ಅಂಚು ಕೆಸರಾಗಿದ್ದವು. ಬೆಟ್ಟದ ಕಡೆಯಿಂದ ಬಂದ ಒಬ್ಬಾಕೆ ಎಲ್ಲರಿಗೂ ಕಥೆ ಹೇಳಿ ನಗಿಸುತ್ತಿದ್ದಳು. ಅವಳನ್ನ ಒಳಗೆ ಕರೆದಾಗ ಮಾತ್ರ ಕೈ ನಡುಗಿದ್ದು ಕಂಡೆ. ಮಧ್ಯಾಹ್ನ ಯಾರೋ ನನ್ನ ಕೈಗೆ ಬನ್ನು ಕೊಟ್ಟರು. ಕೂಸು ಹಾಲಿಗೆ ಅಳೋಳು. ಚಿಕ್ಕವ್ವ ಸಾಲಿನಲ್ಲಿ ಕೂತೇ ಹಾಲು ಕುಡಿಸಿದಳು, ಆಮೇಲೆ ಅವಳ ಸರದಿ ಬಂತು. ಬಾಗಿಲು ಮುಚ್ಚಿತು.

ಬಹಳ ಹೊತ್ತೇನೂ ಆಗಲಿಲ್ಲ. ಕರೆತಂದು ಜಮಖಾನದ ಮೇಲೆ ಮಲಗಿಸಿದರು. ಆ ಕಡೆ ಈ ಕಡೆ ಹೆಂಗಸರು, ನಡುವೆ ಕಾಲಿಡೋಕೆ ಜಾಗ ಇಲ್ಲ. ಒಬ್ಬೊಬ್ಬರು ಮೆಲ್ಲಗೆ ಮುಲುಗೋರು. ಕಿಟಕಿಯಿಂದ ಇರಚಲು ಹೊಡೆದು ಕಾಲ ಬಳಿಯ ನೆಲ ಒದ್ದೆ. ಚಿಕ್ಕವ್ವ ಕಣ್ಣು ಬಿಟ್ಟಳು. ನನ್ನನ್ನ ಗುರುತು ಹಿಡಿದು ಕೇಳಿದ ಮೊದಲ ಮಾತು:

"ಸೊಪ್ಪು ಆರ್ತಾ?"

ನನಗೆ ಅಳು ಬಂತು. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ರಾತ್ರಿ ಜೀಪಿನಲ್ಲಿ ಊರಿಗೆ ಬಿಟ್ಟರು. ಹಜಾರದ ತುಂಬ ಸೊಪ್ಪು, ನಡುವೆ ಲಾಟೀನು, ಅಜ್ಜಿ ಇನ್ನೂ ಒರೆಸುತ್ತಾ ಕೂತಿದ್ದಳು. ಚಿಕ್ಕಪ್ಪ ಎದುರಿಗೆ ಕೂತು ಹೆಚ್ಚುತ್ತಿದ್ದ. ರೇಡಿಯೊ ಇರಲಿಲ್ಲ. ಒಲೆಯ ಮೇಲೆ ಮೆಣಸು ಬೆಳ್ಳುಳ್ಳಿ ಸಾರು ಇತ್ತು. ಅದನ್ನ ಮಾಡಿದ್ದು ಪಕ್ಕದ ಮನೆಯಾಕೆ, ಅಜ್ಜಿ ಅಲ್ಲ. ಅಜ್ಜಿ ಸೊಸೆಯನ್ನ ಕೇಳಲೂ ಇಲ್ಲ ನೋಡಲೂ ಇಲ್ಲ. ತನ್ನ ಕೊನೆಗಾಲದವರೆಗೂ 'ಒಂದು ಗಂಡು ಇದ್ದಿದ್ರ' ಅನ್ನೋದನ್ನ ಬಿಡಲಿಲ್ಲ. ಆದರೆ ಆ ಏಳೆಂಟು ದಿನ ಹುಳದ ಮನೆಗೆ ಚಿಕ್ಕವ್ವನನ್ನ ಬಗ್ಗಗೊಡಲಿಲ್ಲ. ಚಿಕ್ಕವ್ವ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಮಲಗಿ, ಅಲ್ಲಿಂದಲೇ 'ಆ ಮೂಲೆ ತಟ್ಟೇಲಿ ಒತ್ತಾಗಿ ಬಿದ್ದವ', 'ಅದ್ನ ಆಚ್ಗ ತಗೀಲಾ, ಹಾಲಾಗದ' ಅಂತ ನನಗೆ ಹೇಳೋಳು. ಹುಳ ಹಣ್ಣಾದವು. ಚಂದ್ರಿಕೆ ಏರಿದವು.

ಆಪರೇಷನ್ನಿಗೆ ಅಂತ ಸರ್ಕಾರ ಕೊಟ್ಟ ದುಡ್ಡನ್ನ ಅವಳು ಮನೆಗೆ ಕೊಡಲಿಲ್ಲ. ಮೇದರವರ ಹತ್ತಿರ ಹೊಸ ಬಿದಿರು ತಟ್ಟೆ ಹೆಣೆಸಿದಳು. ಮುಂದಿನ ಬೆಳೆ ಆ ತಟ್ಟೆಯಲ್ಲಿ. ಅದರ ಗೂಡನ್ನ ಅವಳೇ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದಳು, ಜೊತೆಗೆ ಮೂಟೆ ಹೊತ್ತವನು ಚಿಕ್ಕಪ್ಪ. ಹರಾಜಿನವರು ಬೆಲೆ ಕೂಗೋವಾಗ ಗೂಡನ್ನ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡೋರು, ಒಳಗಿನ ಹುಳ ಸತ್ತಿದೆಯೋ ಇಲ್ಲವೋ ಅಂತ. ಇವಳು ಅಲ್ಲಿಂದ ಕದಲಲಿಲ್ಲವಂತೆ. ಪಟ್ಟಿ ಬಂತು. ಚಿಕ್ಕವ್ವನ ಹೆಸರು, ಆಮೇಲೆ 'ಕೋಂ', ಆಮೇಲೆ ಚಿಕ್ಕಪ್ಪನ ಹೆಸರು. ಮನೆಯಲ್ಲಿ ನಾನು ಅದನ್ನ ಓದಿ ಹೇಳಬೇಕಾಯಿತು, ಒಂದು ಸಲ ಅಲ್ಲ. ಅಜ್ಜಿ ಕೂಡ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಅವತ್ತಿನ ದುಡ್ಡಲ್ಲಿ ಚಿಕ್ಕವ್ವ ತಂದದ್ದು ಒಂದು ಅಲಾರಂ ಗಡಿಯಾರ, ನಡುರಾತ್ರಿ ಸೊಪ್ಪು ಹಾಕೋಕೆ ಏಳೋದಕ್ಕೆ. ಜೊತೆಗೆ ಖಾರಾಸೇವೆ ಪೊಟ್ಟಣ. ಅರ್ಧ ದಾರಿಯಲ್ಲೇ ಖಾ‍ಲಿ ಮಾಡಿಕೊಂಡು ಬಂದಿದ್ದರು ಇಬ್ಬರೂ.

ಇದನ್ನ ಸುಖದ ಕಥೆ ಅಂತ ಪೂರ್ತಿ ಹೇಳೋಕೆ ನನಗೆ ಮನಸ್ಸಿಲ್ಲ. ಭಾರ ಎತ್ತಿದಾಗೆಲ್ಲ ಕಿಬ್ಬೊಟ್ಟೆ ಹಿಡಿದುಕೊಳ್ಳೋ ನೋವು ಅವಳಿಗೆ ವರ್ಷಗಟ್ಟಲೆ ಇತ್ತು. ಕೇಳೋಕೆ ಯಾರೂ ಬರಲಿಲ್ಲ. ನರ್ಸಮ್ಮನಿಗೆ ವರ್ಗವಾಗಿತ್ತು, ಕ್ಯಾಂಪಿನ ಡಾಕ್ಟರು ಯಾರು ಅಂತಲೂ ಇವಳಿಗೆ ಗೊತ್ತಿಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಇಂಥದೇ ಕ್ಯಾಂಪಿನಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜನ ಸತ್ತರು ಅನ್ನೋ ಸುದ್ದಿ ಟೀವಿಯಲ್ಲಿ ಬಂದಾಗ ನಾನು ಊರಲ್ಲಿದ್ದೆ. ಚಿಕ್ಕವ್ವ ಮುದ್ದೆ ಕಟ್ಟುತ್ತಿದ್ದವಳು ಕೈ ಹಾಗೇ ನಿಲ್ಲಿಸಿದಳು. "ನಮ್ದೂ ಅಂಗೇ ಇತ್ತಲ್ವ ಮಗ, ನೆಲದ ಮ್ಯಾಲ" ಅಂದಳು. ಆಮೇಲೆ, ಆ ಬೆಟ್ಟದ ಕಡೆಯಾಕೆ ಈಗ ಹೇಗಿದ್ದಾಳೋ ಅಂದಳು. ಎರಡು ವರ್ಷದ ಮೇಲೆ ಸುಪ್ರೀಂ ಕೋರ್ಟು ಇಂಥ ಕ್ಯಾಂಪುಗಳನ್ನ ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಿತು. ಒಳ್ಳೇದೇ ಆಯಿತು.

ನನ್ನನ್ನ ಕಾಡೋದು ಬೇರೆ. ಅಜ್ಜಿ ಅವಳನ್ನ ಕೇಳಿದ್ದು ಗಂಡು ಯಾವಾಗ ಅಂತ. ನರ್ಸಮ್ಮ ಕೇಳಿದ್ದು ಆಪರೇಷನ್ ಯಾವಾಗ ಅಂತ. ನಿನಗೆ ಏನು ಬೇಕವ್ವ ಅಂತ ಕೇಳಿದವರು ಅವಳ ಎರಡೂ ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ಕೇಳಿದ್ದರೆ ಅವಳು ಹುಳದ ಮನೆ ತೋರಿಸುತ್ತಿದ್ದಳು. ಅಷ್ಟು ಚಿಕ್ಕ ವಯಸ್ಸಿಗೆ, ತಿರುಗಿ ಬರೋಕೆ ಆಗದ ದಾರಿ ಒಂದೇ ಅವಳಿಗೆ ಕಂಡದ್ದು. ಅದನ್ನೇ ಹಿಡಿದು ತನಗೆ ಬೇಕಾದ ಕಡೆ ಹೋದಳು, ಅದು ಅವಳ ಗಟ್ಟಿತನ. ಆದರೆ ಇನ್ನೆರಡು ದಾರಿ ಇದ್ದಿದ್ದರೆ, ಆ ವಂಕಿ ಯಾಕೆ ಒಗ್ಗಲಿಲ್ಲ ಅಂತ ಯಾರಾದರೂ ಕೂತು ನೋಡಿದ್ದರೆ, ಚಿಕ್ಕಪ್ಪನ ಭಯ ಬಿಡಿಸಿದ್ದರೆ ಅಂತ ಅನ್ನಿಸುತ್ತೆ. ಈಗಲೂ ಅದು ಪೂರ್ತಿ ಬದಲಾಗಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರದು ಲೆಕ್ಕಕ್ಕೆ ಸಿಗದಷ್ಟು. ಮಕ್ಕಳ ಸಂಖ್ಯೆ ಇಳಿದದ್ದೆಲ್ಲ ಯಾರ ಹೊಟ್ಟೆಯ ಮೇಲಿನ ಹೊಲಿಗೆಯಿಂದ ಅಂತ ಇದರಲ್ಲೇ ಕಾಣುತ್ತೆ.

ಆಮೇಲೆ ಚೀನಾ ರೇಷ್ಮೆ ಬಂತು, ಗೂಡಿನ ರೇಟು ಬಿತ್ತು. ಊರಿನ ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದರು. ಚಿಕ್ಕಪ್ಪನೂ ಹಾಕಿದ. ಬಾವಿ ಪಕ್ಕದ ತುಂಡು ತೋಟವನ್ನ ಮಾತ್ರ ಚಿಕ್ಕವ್ವ ಕೀಳಗೊಡಲಿಲ್ಲ, ಈಗಲೂ ಬಿಟ್ಟಿಲ್ಲ. ಹೆಣ್ಣುಮಕ್ಕಳಿಬ್ಬರೂ ಆ ತುಂಡು ತೋಟದ ಮೇಲೆಯೇ ಓದಿದರು. ದೊಡ್ಡವಳು ಮೈಸೂರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಒಂದೇ ಮಗು, ಇನ್ನೊಂದು ಬೇಡ ಅಂದಳು, ಯಾರೂ ಪ್ರಶ್ನೆ ಮಾಡಲಿಲ್ಲ. ಅವತ್ತು ನನ್ನ ಕಂಕುಳಲ್ಲಿ ಹಾಲಿಗೆ ಅತ್ತವಳು ಟೀಚರಾದಳು. ಎಳಂದೂರು ತಾಲ್ಲೂಕಿಗೆ ಕೊಟ್ಟಿದ್ದು. ಅಲ್ಲಿ ಗುಂಬಳ್ಳಿಯ ಆಸ್ಪತ್ರೆಯನ್ನ 1996ರಲ್ಲಿ ಕರುಣಾ ಟ್ರಸ್ಟ್ ಅನ್ನೋ ಸಂಸ್ಥೆಯವರು ವಹಿಸಿಕೊಂಡಿದ್ದರು. ಮೊದಲನೇದು ಆದ ಮೇಲೆ ಅಲ್ಲೇ ಕಾಪರ್-ಟಿ ಹಾಕಿಸಿಕೊಂಡು, ಬಿ.ಎಡ್. ಮುಗಿಸಿ, ಕೆಲಸ ಸಿಕ್ಕಿದ ಮೇಲೆ ತೆಗೆಸಿ, ಎರಡನೇದಕ್ಕೆ ಮನಸ್ಸು ಮಾಡಿದಳು. ಅವಳಿಗೆ ಅದು ಒಗ್ಗಿತು. ತಾಯಿಗೆ ಯಾಕೆ ಒಗ್ಗಲಿಲ್ಲ ಅಂತ ಮಗಳು ಒಂದು ದಿನ ಡಾಕ್ಟರನ್ನ ಕೇಳಿಕೊಂಡು ಬಂದು, ಅಡಿಗೆ ಮನೆಯಲ್ಲಿ ಕೂತು ಚಿಕ್ಕವ್ವನಿಗೆ ಬಿಡಿಸಿ ಹೇಳಿದಳು. ಚಿಕ್ಕವ್ವ ಖಾರ ಅರೆಯುತ್ತಾ ಎಲ್ಲ ಕೇಳಿಸಿಕೊಂಡು, "ಆಗ ಹಿಂಗ ಯಾರೂ ಹೇಳ್ಲಿಲ್ಲ ಕನವ್ವ" ಅಂದಳು.

ಎರಡು ಮಕ್ಕಳಾದ ಮೇಲೆ ಆ ಮಗಳು ಗಂಡನಿಗೆ ಹೇಳಿದ್ದಾಳೆ, ಈ ಸಲ ನೀವು ಹೋಗಿ, ಗಂಡಸರಿಗೆ ಈಗ ಹೊಲಿಗೆಯೂ ಇಲ್ಲ, ಅವತ್ತೇ ಮನೆಗೆ ಬರಬಹುದು ಅಂತ. ಅಳಿಯ ಒಳ್ಳೆಯವನು, ಇಲ್ಲ ಅನ್ನಲಿಲ್ಲ. ಕಬ್ಬು ಕಟಾವಾಗಲಿ ಅಂದಿದ್ದಾನೆ. ಕುಂತೂರಿನ ಕಾರ್ಖಾನೆಯವರು ಹೋದ ವಾರವೇ ಕಡಿಯೋ ಆರ್ಡರು ಕೊಟ್ಟರು. ಚಿಕ್ಕವ್ವ ಬೆಳಿಗ್ಗೆ ಫೋನು ಮಾಡಿದವಳು ಬೇರೆ ಏನನ್ನೂ ಕೇಳಲಿಲ್ಲ, ಲಾರಿ ಬಂತಾ ಅಂದಳು.